ಹನ್ನೆರಡು ಬುಧವಾರ, ನಾಲ್ಕು ಟೈರು

ಇದನ್ನು ಬರೆಯಬೇಕೆಂದು ನಾಲ್ಕು ವರ್ಷಗಳಿಂದ ಅಂದುಕೊಳ್ಳುತ್ತಲೇ ಇದ್ದೇನೆ, ಮುಂದೂಡುತ್ತಲೇ ಇದ್ದೇನೆ. ಮಳೆ ಮುಗಿಯಲಿ, ಕಣ್ಣಿನ ಪೊರೆ ತೆಗೆಸಿ ಆಗಲಿ, ಮೊಮ್ಮಗಳ ಪರೀಕ್ಷೆ ಕಳೆಯಲಿ ಎಂದು ಒಂದಲ್ಲ ಒಂದು ನೆಪ ಸಿಗುತ್ತಿತ್ತು. ಕಳೆದ ವಾರ ಶಿರಸಿಗೆ ಒಂದು ಮದುವೆಗೆ ಹೋಗುವಾಗ ಬಸ್ಸು ಕತಗಾಲದಲ್ಲಿ ಚಹಾಕ್ಕೆ ನಿಂತಿತ್ತು. ಪಕ್ಕದ ಪಂಕ್ಚರ್ ಅಂಗಡಿಯವನು ಬೈಕಿನ ಟ್ಯೂಬಿಗೆ ಸೊಲ್ಯೂಷನ್ ಹಚ್ಚಿ ಊದುತ್ತಿದ್ದ. ಆ ವಾಸನೆ ಮೂಗಿಗೆ ಬಡಿಯಿತು ನೋಡಿ, ಕೈಯಲ್ಲಿದ್ದ ಚಹಾ ಕುಡಿಯಲಾಗಲಿಲ್ಲ. ಮನೆಗೆ ಬಂದವನೇ ಮೊಮ್ಮಗಳ ಹಳೆಯ ನೋಟ್‌ಬುಕ್ಕು ತೆಗೆದು ಕೂತಿದ್ದೇನೆ.

ನಾನು ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ಎಸ್ಸೆಸ್ಸೆಲ್ಸಿ ಓದು. ಊರು ಶಿರಾಲಿ. ನೌಕರಿಯ ಮುಕ್ಕಾಲು ಭಾಗ ಕುಮಟಾ–ಶಿರಸಿ ಮಾರ್ಗದಲ್ಲೇ ಕಳೆಯಿತು. ದೇವಿಮನೆ ಘಾಟಿಯ ಯಾವ ತಿರುವಿನಲ್ಲಿ ಯಾವ ಗೇರು, ಎಲ್ಲಿ ಹಾರ್ನ್, ಎಲ್ಲಿ ಲಾರಿಗೆ ದಾರಿ ಬಿಡಬೇಕು, ಇದೆಲ್ಲ ನನ್ನ ಕೈಗೆ ಗೊತ್ತಿತ್ತು, ತಲೆಗೆ ಕೇಳಬೇಕಾಗಿರಲಿಲ್ಲ. ಒಂದು ಅಪಘಾತವಿಲ್ಲ, ಒಂದು ದೂರಿಲ್ಲ. ನಿವೃತ್ತಿಯ ದಿನ ಡಿಪೋದವರು ಹಾರ ಹಾಕಿ ಇದನ್ನೇ ಹೇಳಿದರು. ಆ ಹೆಮ್ಮೆ ಈಗಲೂ ಇದೆ. ಇಲ್ಲವೆಂದರೆ ಅದೂ ಒಂದು ಸುಳ್ಳಾಗುತ್ತದೆ.

ನಿವೃತ್ತಿಯಾಗಿ ಮೂರು ವರ್ಷದ ಮೇಲೆ, ದೀಪಾವಳಿ ಕಳೆದ ವಾರ, ದುಬೈಯಿಂದ ಫೋನು ಬಂತು. ಭಟ್ಕಳದ ಇರ್ಷಾದ್. ಹುಡುಗನಾಗಿದ್ದಾಗ ಕಾಲೇಜಿಗೆ ನನ್ನ ಬಸ್ಸಿನಲ್ಲೇ ಹೋಗುತ್ತಿದ್ದವನು, ಈಗ ಅಲ್ಲಿ ದೊಡ್ಡ ವ್ಯಾಪಾರಸ್ಥ.

"ತಿಮ್ಮಣ್ಣ, ಅಮ್ಮಂಗೆ ಹುಬ್ಬಳ್ಳಿಯಲ್ಲಿ ಔಷಧಿ ಶುರು ಮಾಡ್ತಾರೆ. ಕ್ಯಾನ್ಸರ್. ಹನ್ನೆರಡು ವಾರ, ವಾರಕ್ಕೊಂದು ಬಾಟಲಿ, ಬುಧವಾರ. ಒಂದೂ ತಪ್ಪಬಾರದು ಅಂತ ಡಾಕ್ಟ್ರು ಹೇಳಿದ್ದಾರೆ. ನನ್ನ ಕಾರು ಶೆಡ್ಡಿನಲ್ಲಿ ಉಂಟು. ಬೇರೆಯವ್ರ ಕೈಗೆ ಅಮ್ಮನ್ನ ಕೊಡೂಕೆ ನಂಗೆ ಧೈರ್ಯ ಇಲ್ಲ."

ಇಷ್ಟು ಕೇಳಿದ ಮೇಲೆ ಯಾವ ಡ್ರೈವರಿಗೆ ಎದೆ ಉಬ್ಬುವುದಿಲ್ಲ? ಒಪ್ಪಿಕೊಂಡೆ.

ಕಾರು ನೋಡಿ ಸ್ವಲ್ಪ ಹೆದರಿದೆ. ನೆಲಕ್ಕೆ ಕೂತಂತಿರುವ, ಕಪ್ಪಗೆ ಮಿಂಚುವ ಜರ್ಮನಿಯ ಕಾರು. ಓಟದ ಕಾರಿಗೆ ಮನೆಯ ಬಟ್ಟೆ ತೊಡಿಸಿದ ಹಾಗಿತ್ತು. ಎಂಜಿನ್ನಿನ ಶಕ್ತಿಯೆಲ್ಲ ಹಿಂದಿನ ಎರಡು ಗಾಲಿಗೆ. ಗೇರಿನ ಪಕ್ಕ ಒಂದು ಗುಂಡಿ. ಅದನ್ನು ಒತ್ತಿದರೆ ಕಾರು ಗುರ್ ಎಂದು ಮೈ ಕೊಡವುತ್ತಿತ್ತು. ಇರ್ಷಾದ್ ವರ್ಷಕ್ಕೆ ಒಂದು ತಿಂಗಳು ರಜೆಗೆ ಬಂದಾಗ ಮಾತ್ರ ಓಡಿಸುತ್ತಿದ್ದದ್ದು. ಉಳಿದ ಹನ್ನೊಂದು ತಿಂಗಳು ಅದು ಹೊದಿಕೆಯೊಳಗೆ ನಿಂತಿರುತ್ತಿತ್ತು. ಟೈರು ನೋಡಿದೆ. ಹೊಸದರಂತೆ ಇದ್ದವು. ಟೈರಿನ ಮೈಮೇಲಿನ ಹಲ್ಲಿಗೆ ನಾವು ಬಟನ್ ಅನ್ನುತ್ತೇವೆ. ಬಟನ್ ಒಂದಿಷ್ಟೂ ಸವೆದಿರಲಿಲ್ಲ.

ಇರ್ಷಾದನ ತಾಯಿ ಜುಲೇಖಮ್ಮನಿಗೆ ಆಗ ಎಪ್ಪತ್ತನಾಲ್ಕು. ಕಾಯಿಲೆ ಮೈಯನ್ನು ತಿಂದಿತ್ತು, ಬಾಯಿಯನ್ನು ಮುಟ್ಟಿರಲಿಲ್ಲ. ಮುಂದಿನ ಸೀಟನ್ನು ಮಂಚದ ಹಾಗೆ ಹಿಂದಕ್ಕೆ ಬಗ್ಗಿಸಿ ಅವರನ್ನು ಮಲಗಿಸಿದೆ.

"ತಿಮ್ಮಣ್ಣ, ಇದು ಸರ್ಕಾರಿ ಬಸ್ಸಲ್ಲ ಮಾರಾಯ. ಕೈ ತೋರ್ಸಿದಲ್ಲೆಲ್ಲ ನಿಲ್ಲಿಸಿ ಜನ ಹತ್ತಿಸ್ಬೇಡ" ಎಂದರು.

ಬೆಳಗಿನ ನಮಾಜು ಮುಗಿಸಿ ಹೊರಟರೆ ಸೂರ್ಯ ಕಾಣುವ ಹೊತ್ತಿಗೆ ಹೊನ್ನಾವರ, ಏಳೂವರೆಗೆ ಘಾಟಿ, ಹನ್ನೊಂದರೊಳಗೆ ಹುಬ್ಬಳ್ಳಿ. ರಾತ್ರಿ ಅಲ್ಲೇ ಅವರ ತಮ್ಮನ ಮಗಳ ಮನೆ, ಗುರುವಾರ ವಾಪಸ್ಸು. ಇದು ನಮ್ಮ ಲೆಕ್ಕಾಚಾರ.

ಮೊದಲ ಬುಧವಾರ ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿ, ಹೆದ್ದಾರಿ ಪಕ್ಕದ ಒಂದು ಟೈರ್ ಅಂಗಡಿಯಲ್ಲಿ ಗಾಳಿ ನೋಡಿಸಲು ನಿಲ್ಲಿಸಿದೆ. ಅಂಗಡಿ ನಡೆಸುತ್ತಿದ್ದದ್ದು ನಲವತ್ತರ ಆಸುಪಾಸಿನ ಹೆಂಗಸು. ಜಾಕ್ ಜಾರಿ ಗಾಡಿ ಮೈಮೇಲೆ ಕೂತು ಗಂಡನ ಸೊಂಟ ಹೋದ ಮೇಲೆ ಆಕೆಯೇ ಕೆಲಸ ಕಲಿತು ನಿಂತದ್ದು. ಸೀರೆಯ ಮೇಲೆ ಗಂಡನ ಹಳೇ ಶರ್ಟು, ತಲೆಗೊಂದು ಟವೆಲ್. ಗಾಳಿ ನೋಡಿ, ಸರಿಮಾಡಿ, ಎದ್ದೇಳದೆ ಅಲ್ಲೇ ಕುಕ್ಕುರುಗಾಲಿನಲ್ಲಿ ಕೂತು ಟೈರಿಗೆ ಹೆಬ್ಬೆರಳ ಉಗುರು ಒತ್ತಿದಳು. ಮತ್ತೆ ಒತ್ತಿದಳು.

"ಅಣ್ಣಾ, ಗಾಳಿ ಸರಿ ಅದೆ. ಆದ್ರೆ ಈ ಟೈರಲ್ಲಿ ಘಾಟಿ ಹತ್ತಬೇಡಿ."

"ಎಂತಕ್ಕೆ? ಬಟನ್ ಹೊಸದಿದ್ದಾಂಗೆ ಅದೆ."

"ಬಟನ್ ಅದೆ, ಜೀವ ಇಲ್ಲ. ಇಲ್ಲಿ ನೋಡಿ, ನಾಲ್ಕು ಅಂಕೆ. ಮೊದಲಿನ ಎರಡು ಅಂಕೆ ಯಾವ ವಾರ ಅಂತ, ಕಡೆಯ ಎರಡು ಯಾವ ವರ್ಷ ಅಂತ. ಟೈರು ಹುಟ್ಟಿ ಏಳು ವರ್ಷ ಆತು. ನಿಂತಲ್ಲೇ ಮುದಿ ಆಗಿದೆ, ಕಲ್ಲಿನಾಂಗೆ. ಇದು ಬಿಸಿ ರಸ್ತೆಗೆ ಮಾಡಿದ ಟೈರು ಬೇರೆ. ಥಂಡಿಗೆ ರಸ್ತೆ ಹಿಡಿಯೂದಿಲ್ಲ."

ಚಹಾ ಕುಡಿಯುತ್ತಿದ್ದ ನಾಲ್ಕು ಜನ ಟೆಂಪೋದವರು ನಮ್ಮ ಕಡೆ ತಿರುಗಿದರು. ಅವರಲ್ಲಿ ಇಬ್ಬರಿಗೆ ನಾನು ಯಾರೆಂದು ಗೊತ್ತಿತ್ತು. ಅದೇ ನನ್ನ ತಲೆ ಕೆಡಿಸಿದ್ದು.

"ತಂಗೀ, ಮೂವತ್ತೊಂದು ವರ್ಷ ಆ ಘಾಟಿ ಹತ್ತಿಳಿದವ ನಾನು. ಮಳೆಗಾಲ ಕಳೆದು ತಿಂಗಳಾತು. ಒಣ ರಸ್ತೆಯಲ್ಲಿ ಟೈರು ಜಾರ್ತದೆ ಅಂತ ನೀ ನಂಗೆ ಪಾಠ ಹೇಳ್ಬೇಡ. ನೀ ಗಾಳಿ ಹೊಡಿ, ಸಾಕು."

ಟೆಂಪೋದವರು ನಕ್ಕರು. ಆಕೆ ನಗಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. "ಒಣ ರಸ್ತೆ ಅಲ್ಲ ಅಣ್ಣಾ, ಇಬ್ಬನಿ ಬೀಳ್ತದೆ" ಎಂದಷ್ಟೇ ಹೇಳಿ ಪೈಪು ಸುತ್ತಿಟ್ಟಳು.

ನಮ್ಮ ಕಡೆ ಎಲ್ಲರೂ ಮಾಡುವ ತಪ್ಪು ಇದು. ಜಾರುವುದೆಂದರೆ ಮಳೆಗಾಲ. ಮೇ ತಿಂಗಳಲ್ಲಿ ಹೊಸ ಟೈರು ಹಾಕಿಸುತ್ತೇವೆ, ಗಣೇಶ ಚೌತಿ ಕಳೆದರೆ ಟೈರಿನ ಕಡೆ ತಿರುಗಿಯೂ ನೋಡುವುದಿಲ್ಲ. ಆದರೆ ಚಳಿಗಾಲದ ಬೆಳಿಗ್ಗೆ ಘಾಟಿಯಲ್ಲಿ ಮರದ ಎಲೆಗಳಿಂದ ಇಬ್ಬನಿ ತೊಟ್ಟಿಕ್ಕಿ ರಸ್ತೆಯ ಧೂಳು, ಎಣ್ಣೆಯ ಜಿಡ್ಡು, ಉದುರಿದ ಎಲೆ ಎಲ್ಲ ಸೇರಿ ತೆಳ್ಳಗೆ ಒಂದು ಪದರವಾಗುತ್ತದೆ. ಮಳೆ ತೊಳೆದುಕೊಂಡು ಹೋಗುತ್ತದೆ, ಇಬ್ಬನಿ ತೊಳೆಯುವುದಿಲ್ಲ. ಹನ್ನೆರಡು ಟನ್ನಿನ ಬಸ್ಸಿನಲ್ಲಿ ಕೂತವನಿಗೆ ಅದು ಗೊತ್ತಾಗಿರಲೇ ಇಲ್ಲ.

ಎರಡು ಬುಧವಾರ ಏನೂ ಆಗಲಿಲ್ಲ. ನನ್ನ ಸೊಕ್ಕು ಇನ್ನಷ್ಟು ಏರಿತು. ಆ ಗುಂಡಿ ಒತ್ತಿದರೆ ಬರುವ ಎಂಜಿನ್ ದನಿ ಹಿಡಿಸಿ ಅದನ್ನು ಒತ್ತಿಯೇ ಇಡುತ್ತಿದ್ದೆ. ಅದು ಕಾರಿನ ಕಡಿವಾಣ ಸಡಿಲ ಮಾಡುವ ಗುಂಡಿ ಎಂದು ತಿಳಿದದ್ದು ಆಮೇಲೆ.

ಮೂರನೇ ಬುಧವಾರ ಮಂಜು ದಟ್ಟವಾಗಿತ್ತು. ಘಾಟಿಯ ನಡುವೆ ಒಂದು ತಿರುವಿದೆ. ತಿರುಗಿದ ಕೂಡಲೇ ಕಡಿದಾದ ಏರು. ಬಸ್ಸಿನವರು ಅಲ್ಲಿ ತಿರುವಿನಲ್ಲೇ ಗೇರು ಇಳಿಸಿ ಎಕ್ಸಲರೇಟರ್ ಒತ್ತಿ ರಭಸ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಏರಿನಲ್ಲಿ ಬಸ್ಸು ಉಸಿರು ಬಿಡುತ್ತದೆ. ಮೂವತ್ತೊಂದು ವರ್ಷ ಮಾಡಿದ್ದನ್ನೇ ಕಾಲು ತಾನಾಗಿ ಮಾಡಿತು. ಕಾರಿನ ಹಿಂಭಾಗ ಯಾರೋ ಒದ್ದ ಹಾಗೆ ಬದಿಗೆ ಹಾರಿತು. ಸ್ಟೇರಿಂಗ್ ನನ್ನ ಕೈಯಲ್ಲಿದ್ದರೂ ನನ್ನದಾಗಿರಲಿಲ್ಲ. ಅರ್ಧ ಸುತ್ತು ತಿರುಗಿ, ಹಿಂದಿನ ಗಾಲಿ ಗುಡ್ಡದ ಬದಿಯ ಚರಂಡಿಗೆ ಬಿದ್ದು, ಮೂತಿ ಕುಮಟೆಯ ಕಡೆಗೆ ಮಾಡಿ ನಿಂತಿತು. ತಿರುಗುವುದು ಇನ್ನೊಂದು ಬದಿಗಾಗಿದ್ದರೆ ಕೆಳಗೆ ಬರೀ ಮಂಜು.

ಜುಲೇಖಮ್ಮ ಮೆಲ್ಲಗೆ ಕತ್ತೆತ್ತಿ ಕಿಟಕಿಯ ಹೊರಗೆ ನೋಡಿದರು.

"ತಿಮ್ಮಣ್ಣ, ಹುಬ್ಬಳ್ಳಿ ಹಿಂದಿನ ಬದಿಗಲ್ವಾ?"

ಅವರಿಗೆ ಪೆಟ್ಟಾಗಿರಲಿಲ್ಲ. ನನಗೂ ಇಲ್ಲ. ಆದರೆ ರಿಮ್ಮು ಬಗ್ಗಿತ್ತು. ಜೀಪಿನವರು ಎಳೆದು ತೆಗೆಯುವಾಗ ಮಧ್ಯಾಹ್ನ. ಆಸ್ಪತ್ರೆಯವರು ಆ ದಿನದ ಬಾಟಲಿಯನ್ನು ಮುಂದಿನ ವಾರಕ್ಕೆ ಹಾಕಿದರು. ಒಂದೂ ತಪ್ಪಬಾರದು ಅಂದಿದ್ದರಲ್ಲ, ಅದರಲ್ಲಿ ಒಂದು ತಪ್ಪಿತು.

ಇರ್ಷಾದನ ಫೋನು ಬಂದಾಗ ನಾನು ರಸ್ತೆಯಲ್ಲಿ ನಿಂತಿದ್ದೆ. ಜುಲೇಖಮ್ಮ ಹತ್ತು ಹೆಜ್ಜೆ ಆಚೆ ಮೋರಿಯ ಕಟ್ಟೆಯ ಮೇಲೆ ಶಾಲು ಹೊದ್ದು ಕೂತಿದ್ದರು.

"ಎಂತ ಆತು ತಿಮ್ಮಣ್ಣ? ನೀವು ಓಡಿಸುವಾಗ ಹ್ಯಾಗೆ ಜಾರಿತು?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. ಸಿಟ್ಟಾದರೂ ಇದ್ದಿದ್ದರೆ ನಿಜ ಹೇಳುತ್ತಿದ್ದೆನೇನೋ. ಆ ಆಶ್ಚರ್ಯದ ಮುಂದೆ ಸಣ್ಣವನಾಗಲು ನನ್ನಿಂದ ಆಗಲಿಲ್ಲ.

"ಹೊನ್ನಾವರ ಸೇತುವೆ ಹತ್ರದ ಟೈರಂಗಡಿ ಹೆಂಗಸು ಗಾಳಿ ಎರ್ರಾಬಿರ್ರಿ ತುಂಬಿದ್ಲು ಇರ್ಷಾದ್ ಭಾಯ್. ಅದ್ಕೇ ಹಿಂಗಾತು."

ಆಕೆ ತುಂಬಿದ್ದ ಗಾಳಿ ಕರೆಕ್ಟಾಗಿತ್ತು. ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಇರ್ಷಾದ್ ಸುಮ್ಮನಿರುವ ಮನುಷ್ಯನಲ್ಲ. ತಾಯಿಯ ಜೀವದ ಮಾತು. ಭಟ್ಕಳದವರ ನಾಲ್ಕಾರು ವಾಟ್ಸಾಪ್ ಗುಂಪುಗಳಿಗೆ ವಾಯ್ಸ್ ಮೆಸೇಜ್ ಹಾಕಿದ: ಹೊನ್ನಾವರದ ಸೇತುವೆ ಹತ್ತಿರದ ಆ ಅಂಗಡಿಗೆ ಯಾರೂ ಹೋಗಬೇಡಿ, ನಮ್ಮಮ್ಮನ್ನ ಕೊಲ್ಲುತ್ತಿದ್ದಳು. ಒಂದು ವಾರದಲ್ಲಿ ಭಟ್ಕಳದ ಕಾರುಗಳು ಅಲ್ಲಿ ನಿಲ್ಲುವುದು ಬಿಟ್ಟವು. ಶಾಲೆಯ ಎರಡು ವ್ಯಾನಿನವರೂ ಬಿಟ್ಟರು. ಆ ಟೆಂಪೋದವರಿಗೆ ನಿಜ ಗೊತ್ತಿತ್ತು, ಅವರೂ ಬಾಯಿ ಬಿಡಲಿಲ್ಲ.

ಜಾರಿದ ಆ ದಿನವೇ, ಬಗ್ಗಿದ ರಿಮ್ಮಿನಲ್ಲಿ ಮೆಲ್ಲಗೆ ವಾಪಸ್ಸು ಬರುವಾಗ, ಹಳದೀಪುರದ ಹತ್ತಿರ ಜುಲೇಖಮ್ಮ ಹೇಳಿದರು.

"ತಿಮ್ಮಣ್ಣ, ನಂಗೆ ಕ್ಯಾನ್ಸರ್ ಉಂಟು. ಆದ್ರೆ ಕಿವಿ ಚಲೋ ಉಂಟು."

ನಾನು ರಸ್ತೆ ನೋಡುತ್ತಾ ಇದ್ದೆ.

"ಆ ದಿನ ಅವಳು ಹೇಳಿದ್ದೂ ಕೇಳ್ದೆ, ಇವತ್ತು ನೀ ಹೇಳಿದ್ದೂ ಕೇಳ್ದೆ. ನಾ ಇರ್ಷಾದಂಗೆ ಹೇಳ್ರೆ ನಿನ್ನ ಬಿಡಿಸ್ತಾನೆ. ನಂಗೆ ನೀ ಬೇಕು, ಘಾಟಿ ಗೊತ್ತಿದ್ದವ. ಹೇಳೂದು ನಿನ್ನ ಕೆಲಸ. ಈಗ ಟೈರಿಗೆ ಅವಳ ಹತ್ರವೇ ಹೋಗುವ. ಗೊತ್ತಿದ್ದವಳು ಅವಳೊಬ್ಬಳೇ."

ಹೋದೆವು. ನಾನು ಕಾರಿನಿಂದ ಇಳಿಯಲು ಒಂದೆರಡು ನಿಮಿಷ ತೆಗೆದುಕೊಂಡೆ. ಆಕೆ ನನ್ನನ್ನು ನೋಡಿದಳು, ಬಗ್ಗಿದ ರಿಮ್ಮನ್ನು ನೋಡಿದಳು, ಕಾರಿನೊಳಗೆ ಮಲಗಿದ್ದವರನ್ನು ನೋಡಿದಳು.

"ಟೈರು ತರಿಸ್ತೆ. ನಿಮ್ಮ ಸಲುವಾಗಿ ಅಲ್ಲ. ಒಳಗೆ ಮಲಗಿದವ್ರ ಸಲುವಾಗಿ" ಎಂದಳು.

ಆಗ "ತಪ್ಪಾಯ್ತು ತಂಗೀ" ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಾನು ಹೇಳಿದ್ದು: "ಹಿಂದಿನ ಎರಡು ಬದಲಿಸಿದ್ರೆ ಸಾಕಲ್ಲ?"

"ಸಾಲದು. ನಾಲ್ಕೂ ಒಂದೇ ಜಾತಿ ಆಗ್ಬೇಕು. ಮುಂದೆ ಒಂದು ನಮೂನೆ, ಹಿಂದೆ ಒಂದು ನಮೂನೆ ಹಾಕಿದ್ರೆ ಕಾರು ಯಾವ ಮಾತು ಕೇಳ್ಬೇಕು?"

ಇರ್ಷಾದ್ ಫೋನಿನಲ್ಲಿ, ವಿಂಟರ್ ಟೈರ್ ಅಂತಲೇ ಬರುತ್ತದೆ, ಅದನ್ನೇ ಹಾಕಿಸಿ ಅಂದ. ಯಾವ ಅಂಗಡಿಯೆಂದು ನಾನು ಅವನಿಗೆ ಹೇಳಿರಲಿಲ್ಲ. ಆಕೆಗೆ ಹೇಳಿದಾಗ ಅಷ್ಟು ದಿನದಲ್ಲಿ ಮೊದಲ ಸಲ ನಕ್ಕಳು. "ಅದು ಹಿಮ ಬೀಳೂ ಊರಿಗೆ ಅಣ್ಣಾ. ನಮ್ಮಲ್ಲಿ ಏಳು ಗಂಟೆಗೆ ಸ್ವೆಟರು, ಹನ್ನೆರಡು ಗಂಟೆಗೆ ಬೆವರು. ಆ ಮೆತ್ತನೆ ಟೈರು ಮುಂಡಗೋಡದ ಬಿಸಿಲಲ್ಲಿ ಮೇಣದಾಂಗೆ ಸವೆದು ಹೋಗ್ತದೆ. ಬೆಳಿಗ್ಗೆಯ ಥಂಡಿಗೆ ಗಟ್ಟಿ ಆಗಬಾರ್ದು, ಮಧ್ಯಾಹ್ನದ ಬಿಸಿಗೆ ಕರಗಬಾರ್ದು, ಅಂಥದ್ದು ನೋಡ್ಬೇಕು." ಮಂಗಳೂರಿನ ದೊಡ್ಡ ಅಂಗಡಿಯವನು ಮೊದಲಿದ್ದಂಥ ಓಟದ ಕಾರಿನ ಟೈರನ್ನೇ ಕಳಿಸುತ್ತೇನೆಂದರೆ ಆಕೆ ಒಪ್ಪಲಿಲ್ಲ. ಫೋಟೋ ತರಿಸಿಕೊಂಡು, ನೀರು ಹೋಗುವ ಕಾಲುವೆ ಆಳವಾಗಿರುವ ಒಂದನ್ನು ಆರಿಸಿ, ಹುಟ್ಟಿದ ವಾರ ಯಾವುದೆಂದು ಕೇಳಿ, ಆ ವರ್ಷದ್ದೇ ಬೇಕೆಂದು ಹಟ ಹಿಡಿದಳು. ಟೈರು ಬಂದದ್ದು ಮಂಗಳೂರಿನ ಬಸ್ಸಿನಲ್ಲಿ. ಹಾಕಿಸುವ ದಿನ ಜುಲೇಖಮ್ಮನೂ ನನ್ನೊಡನೆ ಬಂದರು.

ಹಾಕಿ ಮುಗಿಸಿದ ಮೇಲೆ ಗಾಳಿ ಅಳೆಯುವ ಗೇಜನ್ನು ನನ್ನ ಕೈಗೆ ಕೊಟ್ಟಳು. ಅದೇ ಟೆಂಪೋದವರು ಅಲ್ಲೇ ಇದ್ದರು.

"ಈ ಸಲ ಗಾಳಿ ನೀವೇ ನೋಡಿ. ಎಷ್ಟದೆ? ಜೋರಾಗಿ ಓದಿ, ಎಲ್ರಿಗೂ ಕೇಳ್ಲಿ."

ನಾಲ್ಕು ಗಾಲಿಗೂ ಮಂಡಿಯೂರಿ ಓದಿದೆ. ಯಾರೂ ನಗಲಿಲ್ಲ. ಗೇಜನ್ನು ವಾಪಸ್ಸು ಕೊಡಹೋದೆ. "ಇಟ್ಕೊಳ್ಳಿ. ದಾರಿ ಮೇಲೆ ನೋಡಿದ್ರೆ ಟೈರು ಬಿಸಿ ಇರ್ತದೆ, ಗೇಜು ಸುಳ್ಳು ಹೇಳ್ತದೆ. ಮನೆಯಲ್ಲೇ, ಹೊರಡೂಕಿಂತ ಮೊದ್ಲು ನೋಡಿ" ಎಂದಳು. ಆಮೇಲೆ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಕರ್ಕಿಯವರೆಗೆ ನನ್ನೊಡನೆ ಬಂದಳು, ಕಣ್ಣು ಮುಚ್ಚಿ, ಟೈರಿನ ಸದ್ದು ಕೇಳುತ್ತಾ. ಒಂದು ತಿರುವಿನಲ್ಲಿ, "ಹಾಂ, ಈಗ ಬಸ್ಸು ಹೊಡೆದ್ರಿ. ಕಾರು ಹೊಡೀರಿ" ಎಂದಳು. ಜುಲೇಖಮ್ಮ ಕೆಮ್ಮು ಬರುವಷ್ಟು ನಕ್ಕರು.

ಇನ್ನು ನನ್ನ ಹೆಮ್ಮೆಯ ಭಾಗ. ಇದನ್ನು ಹೇಳದೆ ಬಿಡಲಾರೆ.

ಅರವತ್ಮೂರನೇ ವಯಸ್ಸಿನಲ್ಲಿ ನಾನು ಡ್ರೈವಿಂಗನ್ನು ಮೊದಲಿನಿಂದ ಕಲಿತೆ. ಹೊಸ ಟೈರಿನ ಮೈಮೇಲಿನ ಜಾರು ಹೋಗುವವರೆಗೆ ಎರಡು ದಿನ ಮುರ್ಡೇಶ್ವರ, ಬೈಂದೂರು ಎಂದು ಮೆಲ್ಲಗೆ ಸುತ್ತಿದೆ. ಆ ಗುಂಡಿಯನ್ನು ಮತ್ತೆ ಮುಟ್ಟಲಿಲ್ಲ. ಬ್ರೇಕು, ಗೇರು ಎಲ್ಲ ತಿರುವಿಗೆ ಮುಂಚೆಯೇ ಮುಗಿಸುವುದು, ತಿರುವಿನೊಳಗೆ ಕಾಲು ಹಗುರ, ಸ್ಟೇರಿಂಗ್ ನೇರವಾದ ಮೇಲಷ್ಟೇ ವೇಗ. ಮಂಜಿನಲ್ಲಿ ದೀಪ ತಗ್ಗಿಸಿ, ಮುಂದಿನ ಗಾಡಿಗೆ ಬಸ್ಸಿನಲ್ಲಿ ಬಿಡುತ್ತಿದ್ದುದರ ಎರಡರಷ್ಟು ದೂರ ಬಿಟ್ಟು ಹೋಗುವುದು. ಮೀನಿನ ಲಾರಿಗಳ ಹಿಂದೆ ಸೋರಿದ ಉಪ್ಪುನೀರಿನ ಗೆರೆ ಕಂಡರೆ ಅದರ ಮೇಲೆ ಬ್ರೇಕು ಒತ್ತದಿರುವುದು. ಶಕ್ತಿಯ ಕಾರಿನಲ್ಲಿ ಚಾಲಕನ ಜಾಣತನವೆಲ್ಲ ಆ ಶಕ್ತಿಯನ್ನು ಬಳಸದೆ ಬಿಡುವುದರಲ್ಲಿದೆ. ಮೂವತ್ತೊಂದು ವರ್ಷದ ರೂಢಿಯನ್ನು ಕಾಲಿನಿಂದ ಕಿತ್ತು ತೆಗೆಯುವುದು ಹಲ್ಲು ಕೀಳಿಸಿದ ಹಾಗೆ. ಕಿತ್ತೆ.

ಡಿಸೆಂಬರ್ ಹೋಯಿತು, ಜನವರಿಯ ಚಳಿ ಬಂತು. ಒಂದು ಬುಧವಾರ ಮಂಜಿಗೆ ಘಾಟಿಯಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು; ನಾವು ಆಮೆಯಂತೆ ತೆವಳಿ ಹತ್ತಿದೆವು, ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಹುಬ್ಬಳ್ಳಿ ಮುಟ್ಟಿದೆವು. ಇನ್ನೊಮ್ಮೆ ಅದೇ ತಿರುವಿನಲ್ಲಿ ಎದುರಿನ ಬೈಕು ಜಾರಿ ನಮ್ಮ ಮುಂದೆಯೇ ಬಿತ್ತು. ಕಾರು ಒಂದಿಷ್ಟೂ ಅಲುಗದೆ ನೇರ ನಿಂತಿತು, ಬೈಕಿನವನಿಗೂ ಟೈರಿಗೂ ನಡುವೆ ಒಂದು ಮೊಳ. ಮಲಗಿದ್ದ ಜುಲೇಖಮ್ಮನಿಗೆ ಎಚ್ಚರವೂ ಆಗಲಿಲ್ಲ. ಆ ದಿನ ಸ್ಟೇರಿಂಗ್ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ಕೂತೆ. ಹನ್ನೆರಡನೇ ಬಾಟಲಿ ಫೆಬ್ರವರಿಯಲ್ಲಿ ಮುಗಿಯಿತು. ಮುಂದಿನ ಪರೀಕ್ಷೆಯಲ್ಲಿ ಗಂಟು ಕಾಣುವುದಿಲ್ಲ ಎಂದರು ಡಾಕ್ಟರು. ಜುಲೇಖಮ್ಮ ಈಗಲೂ ಇದ್ದಾರೆ, ಮೀನು ತರುವವಳ ಜೊತೆ ದಿನಾ ಜಗಳವಾಡುತ್ತಾರೆ.

ಏಪ್ರಿಲಿನಲ್ಲಿ ಇರ್ಷಾದ್ ಬಂದು ಭಟ್ಕಳದ ಮನೆಯಲ್ಲಿ ಊಟಕ್ಕೆ ಕರೆದ. ನೆಂಟರು, ಗೆಳೆಯರು, ತುಂಬಿದ ಚಾವಡಿ. ನನ್ನನ್ನು ನಡುವೆ ಕೂರಿಸಿ ಶಾಲು ಹೊದಿಸಿದ. "ನಮ್ಮಮ್ಮನ್ನ ಉಳಿಸಿದವ್ರು" ಅಂದ. ಆಮೇಲೆ ಕೇಳಿದ.

"ಆ ಟೈರು ಯಾರು ಆರಿಸಿದ್ದು ತಿಮ್ಮಣ್ಣ? ದುಬೈಯಲ್ಲಿ ನನ್ನ ದೋಸ್ತ ಓಟದ ಕಾರು ಓಡಿಸುವವ. ಫೋಟೋ ನೋಡಿ, ಇದಕ್ಕಿಂತ ಒಳ್ಳೇದು ಆರಿಸೂಕೆ ಸಾಧ್ಯ ಇಲ್ಲ ಅಂದ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಎಷ್ಟು ಸುಲಭವಿತ್ತು. ಒಂದು ಹೆಸರು ಹೇಳಿದ್ದರೆ ಗಾಳಿಯ ಸುಳ್ಳೂ ಅಲ್ಲೇ ಬಿಚ್ಚಿಕೊಳ್ಳುತ್ತಿತ್ತು, ಆ ವಾಯ್ಸ್ ಮೆಸೇಜ್ ಕೇಳಿದ ಜನರೆಲ್ಲ ಅಲ್ಲೇ ಕೂತಿದ್ದರು.

"ನಾನೇ" ಎಂದೆ.

ಒಳಬಾಗಿಲ ಪರದೆಯ ಆಚೆ ಬಳೆಯ ಸದ್ದು ನಿಂತಿತು. ಹೊರಡುವಾಗ ಜುಲೇಖಮ್ಮ ಪರದೆ ಸರಿಸಿ, "ಊಟ ಸರಿ ಆತಾ ತಿಮ್ಮಣ್ಣ?" ಎಂದಷ್ಟೇ ಕೇಳಿದರು. ಆ ಮೇಲೆ ಅವರು ಆ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಆ ಮಳೆಗಾಲದಲ್ಲೇ ಹೊನ್ನಾವರದ ಅಂಗಡಿಯ ಬಾಗಿಲು ಮುಚ್ಚಿತು. ಆಕೆ ಈಗ ಕುಮಟೆಯಲ್ಲಿ ಬೇರೆಯವರ ಟೈರ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಎರಡು ಸಲ ಅಲ್ಲಿಯವರೆಗೆ ಹೋಗಿದ್ದೇನೆ. ಒಮ್ಮೆ ಆಕೆ ಲಾರಿಯ ಗಾಲಿಯ ಪಕ್ಕ ಕೂತಿದ್ದಳು, ಬೆನ್ನು ನನ್ನ ಕಡೆಗಿತ್ತು. ಇನ್ನೊಮ್ಮೆ ನನ್ನನ್ನು ನೋಡಿ "ಗಾಳಿ ನೋಡ್ಬೇಕಾ ಅಣ್ಣಾ?" ಎಂದಳು. ನಾನು ಬಸ್ಸಿನಲ್ಲಿ ಬಂದವನು, ನನ್ನ ಬಳಿ ಗಾಡಿ ಇರಲಿಲ್ಲ. ಇಲ್ಲ ಎಂದು ತಲೆಯಾಡಿಸಿ ವಾಪಸ್ಸು ನಡೆದೆ.

ಇರ್ಷಾದ್ ಭಾಯ್, ಇದು ನಿಮ್ಮ ಕಣ್ಣಿಗೆ ಬಿದ್ದರೆ ಅಂದು ಮೆಸೇಜ್ ಹಾಕಿದ ಗುಂಪುಗಳಲ್ಲೆಲ್ಲ ಹಾಕಿ. ಆ ಮೊದಲ ಬುಧವಾರ ತುಂಬಿದ ಗಾಳಿಯಲ್ಲಿ ಒಂದು ಅಂಕೆಯೂ ಹೆಚ್ಚುಕಡಿಮೆ ಇರಲಿಲ್ಲ. ಹಳೆಯ ಟೈರು ಬೇಡ ಅಂದದ್ದು, ಹೊಸದನ್ನು ಆರಿಸಿದ್ದು, ನನಗೆ ಕಾರು ಓಡಿಸಲು ಕಲಿಸಿದ್ದು, ಎಲ್ಲ ಒಬ್ಬಳೇ ಹೆಂಗಸು; ನಾನು ಈವರೆಗೆ ಕ್ಷಮೆ ಕೇಳದೇ ಇರುವುದೂ ಅವಳ ಹತ್ತಿರವೇ. ಅವಳ ಹೆಸರು ಮಾದೇವಿ ಗಣಪತಿ ನಾಯ್ಕ.